ಎಲ್ಲದಕ್ಕೂ ‘ಹೂಂ’ ಅನ್ನುವ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಐದನೇ ಕ್ಲಾಸಿನ ಹುಡುಗ. ಸ್ಕೂಲಿನಲ್ಲಿ ಅವನ ಮೇಲೆ ಒಂದೂ ದೂರಿಲ್ಲ. ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾನೆ ಎಂದು ಟೀಚರ್ ಮೆಚ್ಚಿಕೊಂಡಿದ್ದರು. ತಾಯಿಯ ಕಷ್ಟ ಬೇರೆ. ಮನೆಗೆ ಬಂದ ತಕ್ಷಣ ಬ್ಯಾಗ್ ಎಸೆಯುತ್ತಾನೆ, ತಂಗಿಯ ಮೇಲೆ ರೇಗುತ್ತಾನೆ, ಸಣ್ಣ ವಿಷಯಕ್ಕೂ ಅಳುತ್ತಾನೆ. ಭಾನುವಾರ ಸಂಜೆಯಾದರೆ ಹೊಟ್ಟೆನೋವು. ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆ ಇಲ್ಲ ಎಂದಿದ್ದರು. ಹಾಗಾಗಿ ಆಪ್ತಸಲಹೆಗೆಂದು ಅವನನ್ನು ನನ್ನ ಹತ್ತಿರ ಕರೆತಂದರು.

ಬಣ್ಣದ ಪೆನ್ಸಿಲ್ ಮುಂದಿಟ್ಟು ಯಾವುದು ಇಷ್ಟ ಎಂದು ಕೇಳಿದೆ. “ನಿಮಗೆ ಯಾವುದಿಷ್ಟ ಆಂಟಿ?” ಎಂದ. ಅಷ್ಟರಲ್ಲಿ ತಾಯಿ, “ಅವನಿಗೆ ನೀಲಿ” ಎಂದರು. ಅರ್ಧ ಕಥೆ ಅಲ್ಲೇ ಸಿಕ್ಕಿತು.

ಒಬ್ಬನೇ ಇದ್ದಾಗ ನಿಧಾನವಾಗಿ ಬಾಯಿಬಿಟ್ಟ. ಅವನ ಗುಂಪಿಗೆ ಫುಟ್‌ಬಾಲ್ ಹುಚ್ಚು, ಇವನಿಗೆ ಇಷ್ಟವಿಲ್ಲ. ಆದರೂ ನೋಡದ ಮ್ಯಾಚನ್ನು ನೋಡಿದೆ ಅನ್ನುತ್ತಾನೆ, ಆಟಗಾರರ ಹೆಸರು ಬಾಯಿಪಾಠ ಮಾಡುತ್ತಾನೆ. ಅವರು ಯಾರನ್ನಾದರೂ ಆಡಿಕೊಂಡು ನಕ್ಕರೆ ಇವನೂ ನಗುತ್ತಾನೆ. “ನಗದಿದ್ರೆ ನನ್ನನ್ನೇ ಆಡ್ಕೊಳ್ತಾರೆ” ಎಂದ. ಇವನಿಗೆ ನಿಜವಾಗಿ ಇಷ್ಟ ಇರುವೆಗಳು. ಒಂದು ಇರುವೆ ಬಿಟ್ಟುಹೋದ ವಾಸನೆಯ ಜಾಡನ್ನು ಇನ್ನೊಂದು ಹೇಗೆ ಹಿಡಿಯುತ್ತದೆ ಎಂದು ಹೇಳಲು ಶುರುಮಾಡಿದವನು, ನಾನು ತಡೆಯದಿದ್ದರೆ ನಿಲ್ಲಿಸುತ್ತಲೇ ಇರಲಿಲ್ಲ.

ದಿನವಿಡೀ ನಟಿಸಿ ಸುಸ್ತಾದ ಮಗು ಮನೆಯಲ್ಲಿ ಸಿಡಿಯುತ್ತದೆ. ಮನೆಯವರು ಎಲ್ಲೂ ಬಿಟ್ಟುಹೋಗಲ್ಲ ಅನ್ನೋ ಧೈರ್ಯ ಅದಕ್ಕೆ. ಇದನ್ನು ಕೇಳಿ ತಾಯಿಗೆ ಸ್ವಲ್ಪ ಸಮಾಧಾನವಾಯಿತು.

ತಂದೆ, “ನೀನು ನೀನಾಗಿರು ಅಂತ ದಿನಾ ಹೇಳ್ತೀನಿ” ಎಂದರು. ಹತ್ತು ವರ್ಷದ ಹುಡುಗ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಆ ಹೊತ್ತಿಗೆ ಆಡೋಕೆ ಒಂದು ಮಾತು ಬೇಕು, ಅಲ್ವಾ? ನಾನೂ ಹುಡುಗನೂ ಸೇರಿ ಎರಡು ಹುಡುಕಿದೆವು. “ನಾನು ಅದನ್ನ ನೋಡಿಲ್ಲ, ಏನಾಯ್ತು ಹೇಳು.” “ಇವತ್ತು ನೀವು ಆಡಿ, ನನಗೆ ಬೇಡ.” ಅವನ್ನು ನಾಟಕದಂತೆ ಆಡಿ ಅಭ್ಯಾಸ ಮಾಡಿದೆವು. ಆಡಿಕೊಳ್ಳುವ ಹುಡುಗನ ಪಾತ್ರ ನನ್ನದು. ಚೆನ್ನಾಗೇ ಆಡಿಕೊಂಡೆ. ಯಾರನ್ನಾದರೂ ನೋಡಿ ಅವರು ನಗುವಾಗ ಜಗಳ ಕಾಯಬೇಕಿಲ್ಲ, ನಗದೆ ಪಕ್ಕಕ್ಕೆ ಹೋದರೂ ಸಾಕು ಎಂದೆ.

ಹಾಗಂತ ಸಿಕ್ಕವರಿಗೆಲ್ಲ ಇರುವೆ ಪಾಠ ಮಾಡು ಎಂದೂ ಹೇಳಲಿಲ್ಲ. ಮೊದಲು ನಿಂತು ನೋಡಿ, ನಡೆಯುತ್ತಿರುವ ಆಟಕ್ಕೆ ಹೊಂದುವಂತೆ ಸೇರುವ ಮಕ್ಕಳನ್ನು ಉಳಿದವರು ಬೇಗ ಸೇರಿಸಿಕೊಳ್ಳುತ್ತಾರೆ. ನಡುವೆ ನುಗ್ಗುವವರನ್ನು ಅಷ್ಟಾಗಿ ಅಲ್ಲ.

ತಂದೆ ತಾಯಿಗೆ ಹೇಳಿದ್ದು: ಅವನ ಪರವಾಗಿ ನೀವು ಉತ್ತರ ಕೊಡಬೇಡಿ. ಅವನು ಮನೆಯಲ್ಲಿ ‘ಬೇಡ’ ಅಂದಾಗ ತಕ್ಷಣ ‘ಅಡ್ಜಸ್ಟ್ ಮಾಡ್ಕೋ’ ಅನ್ನಬೇಡಿ. ನಿಮ್ಮ ಹತ್ತಿರ ಬೇಡ ಅನ್ನಲಾಗದವನು ಗೆಳೆಯರ ಹತ್ತಿರ ಹೇಗೆ ಅಂದಾನು? ಎಷ್ಟು ಜನ ಫ್ರೆಂಡ್ಸ್ ಅಂತ ಎಣಿಸುವುದನ್ನೂ ಬಿಡಿ. 1951ರಲ್ಲಿ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗವನ್ನು ಪ್ರಕಟಿಸಿದರು. ಗುಂಪಿನಲ್ಲಿ ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ಬೇಕಂತಲೇ ತಪ್ಪು ಉತ್ತರ ಕೊಟ್ಟಾಗ, ಕಣ್ಣೆದುರಿನ ಸರಿ ಉತ್ತರ ಬಿಟ್ಟು ಎಷ್ಟೋ ಜನ ಅದೇ ತಪ್ಪು ಹೇಳಿದರು. ಅವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು! ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೂ ಸಾಕು, ಹೀಗೆ ಮಣಿಯುವುದು ತುಂಬಾ ಕಡಿಮೆಯಾಗುತ್ತಿತ್ತು. ನಿಮ್ಮ ಮಗನಿಗೂ ಅಂಥ ಒಬ್ಬ ಸಿಕ್ಕರೆ ಸಾಕು ಎಂದೆ.

ಈಚೆಗೆ ತಾಯಿ ಫೋನ್ ಮಾಡಿದ್ದರು. ಹಳೇ ಗುಂಪಿನ ಕೆಲವರು ಇವನನ್ನು ಕರೆಯುವುದಿಲ್ಲವಂತೆ. ಬೇರೆ ಸೆಕ್ಷನ್ನಿನ ಹುಡುಗನೊಬ್ಬ ಇರುವೆ ನೋಡೋಕೆ ಜೊತೆಗೆ ಬರುತ್ತಾನಂತೆ. “ಆ ಮಕ್ಕಳ ತಾಯಂದಿರ ಹತ್ತಿರ ನಾನು ಮಾತಾಡಲಾ?” ಎಂದರು. ಈಗಲೇ ಬೇಡ ಎಂದೆ. ಹೊಟ್ಟೆನೋವು ಮತ್ತೆ ಶುರುವಾದರೆ, ಇಲ್ಲವೇ ಯಾರಾದರೂ ಹೊಡೆಯುವುದು, ಬೆದರಿಸುವುದು ಮಾಡಿದರೆ, ತಡಮಾಡದೆ ಟೀಚರ್ ಹತ್ತಿರ ಹೋಗಿ, ನನಗೂ ತಿಳಿಸಿ ಎಂದು ಹೇಳಿದ್ದೇನೆ.