ಮದ್ದು ಬಿಡುವವರು ಎಲ್ಲಿ ನಿಂತಿದ್ದಾರೆ?

ಇನ್ನು 50 ವರ್ಷದಲ್ಲಿ ವಿಜ್ಞಾನ, ತಂತ್ರಜ್ಞಾನ ಮನುಷ್ಯರನ್ನು ಎಲ್ಲಿಗೆ ಮುಟ್ಟಿಸಬಹುದು ಎಂದು ಕೇಳಿದ್ದೀರಿ. ಮಗಳು ಹತ್ತನೇ ತರಗತಿ ಮುಗಿಸಿದ್ದಾಳೆ, ಎಲ್ಲವನ್ನೂ ಯಂತ್ರವೇ ಮಾಡುವ ಕಾಲ ಬಂದರೆ ಅವಳು ವಿಜ್ಞಾನ ಓದಿ ಏನು ಪ್ರಯೋಜನ ಎಂದೂ ಕೇಳಿದ್ದೀರಿ. ಎರಡಕ್ಕೂ ಒಟ್ಟಿಗೇ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವನು. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಎರಡು ಎಕರೆ ಅಡಿಕೆ ತೋಟ ಇದೆ. ಮಂಗಳ ಗ್ರಹದಲ್ಲಿ ಮನೆ ಕಟ್ಟುವ ಬಗ್ಗೆ ಬೇರೆಯವರು ಬರೆಯಲಿ. ನನ್ನ ಕಣ್ಣೆದುರು ಮರಗಳಿಗೆ ಮೂರು ತರದಲ್ಲಿ ಮದ್ದು ಬಿಟ್ಟದ್ದನ್ನು, ಅಂದರೆ ಸಿಂಪಡಿಸಿದ್ದನ್ನು, ನೋಡಿದ್ದೇನೆ. ಮುಂದಿನ ಕಾಲದ ಬಗ್ಗೆ ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ಅದೇ.

ಮೊದಲನೆಯದು ಅಡಿಕೆಗೆ ಬಿಡುವ ಬೋರ್ಡೋ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ನಮ್ಮ ಕಡೆ ಮಹಾಳಿ ಎನ್ನುತ್ತೇವೆ. ಬಂದರೆ ಹಸಿರು ಕಾಯಿಗಳೆಲ್ಲ ಕೊಳೆತು ಬುಡಕ್ಕೆ ಉದುರುತ್ತವೆ, ವರ್ಷದ ಗಂಜಿ ಕೆಲವೇ ದಿನಗಳಲ್ಲಿ ಮಣ್ಣುಪಾಲು. ಅದಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ, 100 ಲೀಟರ್ ನೀರಿಗೆ ಒಂದೊಂದು ಕೆಜಿ. ಈ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯಬಾರದೆಂದು ಅಲ್ಲಿಯ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರಂತೆ. ತೋಟವಿಡೀ ರೋಗ ಬಂದರೂ ಆ ಬಳ್ಳಿಗಳು ಮಾತ್ರ ಹಸಿರಾಗಿದ್ದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಹೊತ್ತಿಗೆ ನಮ್ಮ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ, ಇದೇ ಮದ್ದು ಇದಕ್ಕೂ ಆಗುತ್ತದೆ ಎಂದು ತೋರಿಸಿಕೊಟ್ಟರು. ನೂರು ವರ್ಷ ದಾಟಿದರೂ ನಾವು ಅದನ್ನೇ ಬಿಡುತ್ತಿದ್ದೇವೆ.

ಆದರೆ ಬಿಡುವುದು ಹೇಗೆ? ಅಡಿಕೆ ಮರ 50, 60 ಅಡಿ ಎತ್ತರ. ಮಳೆ ಬಿಟ್ಟ ಹೊತ್ತು ನೋಡಿ, ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿಕೊಂಡು, ಜಾರುವ ಮರ ಹತ್ತಬೇಕು. ಮೇಲೆ ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಪೈಪು. ನನ್ನ ಸೋದರಮಾವ ಹಾಗೆ ಹತ್ತಿದವರು ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ 11 ವರ್ಷ ಚಾವಡಿಯ ಮಂಚದಲ್ಲೇ ಇದ್ದರು. ಅವರಿಗೆ ಊಟ ಕೊಡುವುದು ನನ್ನ ಕೆಲಸವಾಗಿತ್ತು. "ಮರದ ತಪ್ಪಲ್ಲ ಮಗಾ, ಕಾಲು ಜಾರಿತು" ಎಂದು ಎಷ್ಟು ಸಲ ಹೇಳಿದ್ದರೋ.

ಎರಡನೆಯದು ಆಕಾಶದಿಂದ ಬಿದ್ದ ಮದ್ದು. ನಮ್ಮ ಗುಡ್ಡೆಗಳ ನೆತ್ತಿಯಲ್ಲಿ ದೊಡ್ಡ ದೊಡ್ಡ ಗೇರು ತೋಟಗಳಿವೆ. ಗೇರಿನ ಚಿಗುರಿನ ರಸ ಹೀರುವ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಹೆಲಿಕಾಪ್ಟರ್ ಬಂದರೆ ನಮಗೆ ಮಕ್ಕಳಿಗೆ ಹಬ್ಬ. ಅಂಗಳಕ್ಕೆ ಓಡಿ, ಮುಖ ಮೇಲೆತ್ತಿ ನೋಡುತ್ತಿದ್ದೆವು. ಅಮ್ಮ ಬಾವಿಗೆ ತೆಂಗಿನ ಮಡಲು ಮುಚ್ಚುತ್ತಿದ್ದರು. ಆದರೆ ಸುರಂಗಕ್ಕೆ ಏನು ಮುಚ್ಚುವುದು? ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಲ್ಲಿ ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಗುಡ್ಡೆಯ ತಲೆಗೆ ಏನು ಸುರಿದರೂ ಮಳೆ ಅದನ್ನು ಕೆಳಗಿನ ಮನೆಗಳ ಕಡೆಗೇ ತರುತ್ತದೆ.

ಆಮೇಲಿನದ್ದು ನಿಮಗೂ ಗೊತ್ತಿರಬಹುದು. ಕೈಕಾಲು ಬೆಳೆಯದ ಮಕ್ಕಳು, ತಲೆ ಮಾತ್ರ ದೊಡ್ಡದಾದ ಮಕ್ಕಳು, ಮಾತು ಬಾರದ ಮಕ್ಕಳು. ದೈವದ ಕೋಪ ಎಂದವರಿದ್ದರು, ನಾಗದೋಷ ಎಂದವರಿದ್ದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟರ್ ಮೋಹನ್ ಕುಮಾರ್ ಅವರು ತಮ್ಮ ಬಳಿ ಬರುವ ರೋಗಿಗಳ ಲೆಕ್ಕ ಇಡಲು ತೊಡಗಿದರು. ಒಂದು ಸಣ್ಣ ಊರಿನಲ್ಲಿ ಇಷ್ಟೊಂದು ಕಾಯಿಲೆ ಯಾಕೆ ಎಂದು ಕೇಳಿದರು. ಪುಲ್ಲೂರು ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಮದ್ದು ಸುರಿಯುವುದನ್ನು ನಿಲ್ಲಿಸಿ ಎಂದು 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಗುಡ್ಡೆಯ ಬುಡದ ಊರಿನ 117 ಹುಡುಗರನ್ನೂ, ಮದ್ದು ಬೀಳದ ಕಡೆಯ 90 ಹುಡುಗರನ್ನೂ ಪರೀಕ್ಷಿಸಿ ಹೋಲಿಸಿದರು. ಇಲ್ಲಿಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಅವರ ವರದಿ 2003ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಬಂತು. 2011ರ ಏಪ್ರಿಲಿನಲ್ಲಿ, ಬೇಗ ಕರಗದ ವಿಷ ರಾಸಾಯನಿಕಗಳನ್ನು ತಡೆಯಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೇ 13ಕ್ಕೆ ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು.

ಮದ್ದು ಸುರಿದದ್ದು ವಿಜ್ಞಾನದ ಹೆಸರಿನಲ್ಲೇ, ಅದು ವಿಷ ಎಂದು ತೋರಿಸಿಕೊಟ್ಟದ್ದೂ ವಿಜ್ಞಾನವೇ. ಇವೆರಡರ ನಡುವೆ 20 ವರ್ಷಕ್ಕಿಂತ ಜಾಸ್ತಿ ಕಳೆದುಹೋಯಿತು. ಯಾಕೆ ಅಷ್ಟು ತಡವಾಯಿತು? ನನಗೆ ಕಾಣುವ ಕಾರಣ ಇದು. ಮರ ಹತ್ತಿ ಮದ್ದು ಬಿಡುವವರ ಕಣ್ಣಿಗೆ ಗಾಳಿಯಲ್ಲಿ ಅದೇ ಮದ್ದು ಬಂದು ಬೀಳುತ್ತದೆ. ಹೆಚ್ಚಾದರೆ, ತಪ್ಪಾದರೆ ಅವರಿಗೇ ಮೊದಲು ತಿಳಿಯುತ್ತದೆ, ತಕ್ಷಣ ನಿಲ್ಲಿಸುತ್ತಾರೆ. ಹೆಲಿಕಾಪ್ಟರಿನಲ್ಲಿ ಕೂತವರು ಸಂಜೆಗೆ ತಮ್ಮ ಊರಿಗೆ ಹೋಗುತ್ತಾರೆ. ಅವರು ನಮ್ಮ ಬಾವಿಯ ನೀರು ಕುಡಿಯುವುದಿಲ್ಲ. ಕೆಳಗಿನವರು ಕೂಗಿದರೆ ಅವರಿಗೆ ಕೇಳಿಸುವುದೂ ಇಲ್ಲ.

ಮೂರನೆಯದನ್ನು ಬರೆಯುವಾಗ ಮನಸ್ಸು ಹಗುರಾಗುತ್ತದೆ. ಈಗ ನಮ್ಮ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದದ ಕೋಲು, ಬಂದಿದೆ. ವಿಮಾನದ ರೆಕ್ಕೆಗೆ, ರೇಸ್ ಕಾರಿಗೆ ಬಳಸುವ ವಸ್ತು ಅದು. ನೂಲಿನಂಥ ಎಳೆಗಳನ್ನು ಆಮ್ಲಜನಕ ಇಲ್ಲದ ಕಡೆ ಸಾವಿರ ಡಿಗ್ರಿಗಿಂತ ಮೇಲೆ ಕಾಯಿಸಿ ಮಾಡುತ್ತಾರೆ. ಉಕ್ಕಿಗಿಂತ ಎಷ್ಟೋ ಹಗುರ, ಆದರೂ ಗಟ್ಟಿ. ಒಂದರೊಳಗೆ ಒಂದು ಸೇರುವ ಕೊಳವೆಗಳನ್ನು ಎಳೆದರೆ 60 ಅಡಿ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ಕೊಯ್ಯಬಹುದು. ಮರ ಹತ್ತಲು ಜನವೇ ಇಲ್ಲ ಎಂದು ತೋಟ ಮಾರಲು ಹೊರಟಿದ್ದ ನೆರೆಮನೆಯವರು ಈಗ ಮಗನ ಜೊತೆ ತಾವೇ ಕೊಯ್ಯುತ್ತಾರೆ. ನಾನೂ ಕಲಿತಿದ್ದೇನೆ. ಮೊದಲ ವಾರ ಕುತ್ತಿಗೆ ಹಿಡಿದುಕೊಂಡಿತು, ಈಗ ಅಭ್ಯಾಸವಾಗಿದೆ. ಪ್ರತಿ ಸಲ ದೋಟಿ ಎತ್ತುವಾಗ ಸೋದರಮಾವನ ನೆನಪು ಬರುತ್ತದೆ. ಅವರ ಕಾಲದಲ್ಲಿ ಇದು ಇರುತ್ತಿದ್ದರೆ!

ಒಂದು ಮಾತು ಇಲ್ಲೇ ಹೇಳಬೇಕು. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಅಪಾಯ ಎಂದು ಎಲ್ಲರಿಗೂ ಗೊತ್ತು. ಇದು ಲೋಹ ಅಲ್ಲ ಎಂದುಕೊಂಡು ಜನ ಧೈರ್ಯ ಮಾಡುತ್ತಾರೆ. ದಯವಿಟ್ಟು ಕರೆಂಟಿನ ತಂತಿಯ ಹತ್ತಿರ ಇದನ್ನು ಎತ್ತಬೇಡಿ. ಕೆಲಸಕ್ಕೆ ಬರುವವರಿಗೂ ಅವರ ಭಾಷೆಯಲ್ಲಿ ಹೇಳಿಕೊಡಿ.

ಈಗ ನೀವು ಕೇಳಿದ ಯಂತ್ರಗಳ ವಿಷಯ. ಕೃತಕ ಬುದ್ಧಿಮತ್ತೆ ಈ ಮೂರರಲ್ಲಿ ಯಾವ ತರದ್ದು? ಅದು ಹೆಲಿಕಾಪ್ಟರ್ ಆಗಬಹುದು, ದೋಟಿಯೂ ಆಗಬಹುದು ಎಂದು ನನಗೆ ಅನಿಸುತ್ತದೆ. ದೋಟಿಯ ಹಾಗೆ ಅದು ಕೈಗೆ ಬಂದದ್ದನ್ನು ಮನೆಯಲ್ಲೇ ನೋಡಿದ್ದೇನೆ. ನಮ್ಮ ತಾಯಿಗೆ ಕನ್ನಡ ಓದಲು ಬರುತ್ತದೆ, ಮಲಯಾಳಂ ಅಕ್ಷರ ಬರುವುದಿಲ್ಲ. 1956ರಲ್ಲಿ ಊರು ಕೇರಳಕ್ಕೆ ಸೇರಿತು. ಅಲ್ಲಿಂದ ಇಲ್ಲಿಯವರೆಗೆ ಮನೆಗೆ ಬರುವ ಕಾಗದಗಳಲ್ಲಿ ಎಷ್ಟೋ ಮಲಯಾಳಂನಲ್ಲೇ. ಯಾರಾದರೂ ಓದಿ ಹೇಳಬೇಕಿತ್ತು. ಈಗ ಮೊಬೈಲ್ ಕ್ಯಾಮರಾ ಹಿಡಿದರೆ ಕನ್ನಡದಲ್ಲಿ ಬರುತ್ತದೆ. 82 ವರ್ಷದ ಅಮ್ಮ ತಮ್ಮ ಪಿಂಚಣಿಯ ಕಾಗದವನ್ನು ಯಾರ ಸಹಾಯವೂ ಇಲ್ಲದೆ ಓದಿಕೊಂಡ ದಿನ ನನಗೆ ನಿಜವಾಗಿ ಕಣ್ಣು ತುಂಬಿತು. ಇವತ್ತು ಪ್ರಶ್ನೆಗಳಿಗೆ ಉತ್ತರ ಕೊಡುವ ಯಂತ್ರಗಳ ಬೆನ್ನೆಲುಬಾದ ವಿಧಾನವನ್ನು 2017ರಲ್ಲಿ ಪ್ರಕಟಿಸಿದಾಗ, ಅದನ್ನು ಮೊದಲು ಪರೀಕ್ಷಿಸಿದ್ದು ಭಾಷಾಂತರದಲ್ಲೇ. 2024ರಲ್ಲಿ ಗೂಗಲ್ ಭಾಷಾಂತರಕ್ಕೆ ತುಳುವೂ ಸೇರಿತು. ಸಣ್ಣ ಭಾಷೆಯವರಿಗೆ ಇದು ಸಣ್ಣ ವಿಷಯ ಅಲ್ಲ.

ಪ್ರೋಟೀನುಗಳ ಆಕಾರವನ್ನು ಕಂಪ್ಯೂಟರಿನಲ್ಲೇ ಊಹಿಸಿದವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹೊಸ ಔಷಧ ಹುಡುಕುವವರಿಗೆ ಅದರಿಂದ ದೊಡ್ಡ ಸಹಾಯ. ಅಡಿಕೆಯ ಹಳದಿ ಎಲೆ ರೋಗಕ್ಕೆ ಇನ್ನೂ ಮದ್ದಿಲ್ಲ. ಅದನ್ನು ತಡೆದುಕೊಳ್ಳುವ ಮರಗಳನ್ನು ಹುಡುಕುವ ಕೆಲಸಕ್ಕೂ ಇಂಥ ವಿದ್ಯೆ ಒದಗಲಿ ಎಂದು ಆಸೆಪಡುತ್ತೇನೆ.

ಅದೇ ಯಂತ್ರ ದೂರದಲ್ಲೆಲ್ಲೋ ಕೂತು ಯಾರಿಗೆ ಸಾಲ, ಯಾರಿಗೆ ಪಿಂಚಣಿ, ಯಾರಿಗೆ ಕೆಲಸ ಎಂದು ತೀರ್ಮಾನಿಸುವ ದಿನ ಬಂದರೆ? ಅದು ತಪ್ಪಿದರೆ ಅಮ್ಮ ಯಾರ ಹತ್ತಿರ ಹೋಗಿ ಹೇಳಬೇಕು? ನನಗೆ ಹೆದರಿಕೆ ಇರುವುದು ಅಲ್ಲಿ. ಹೆಲಿಕಾಪ್ಟರ್ ಕೆಲವು ಗುಡ್ಡೆಗಳ ಮೇಲೆ ಹಾರಿತು. ಇದು ಒಂದೇ ದಿನದಲ್ಲಿ ಕೋಟಿ ಕೋಟಿ ಮನೆಗಳ ಮೇಲೆ ಹಾರಬಲ್ಲದು.

ಇನ್ನೊಂದು ನೆನಪು. ಕೊರೊನಾ ವೈರಸ್ಸಿನ ಜೀನ್ ವಿವರ 2020ರ ಜನವರಿಯಲ್ಲಿ ಸಿಕ್ಕಿತು, ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಜನರಿಗೆ ಲಸಿಕೆ ಕೊಡತೊಡಗಿದರು. ಮನುಷ್ಯರು ಇಷ್ಟು ಬೇಗ ಲಸಿಕೆ ಮಾಡಿದ್ದೇ ಇರಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಕೇರಳ, ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಮಂಗಳೂರೇ. ನಮ್ಮ ಕಡೆಯ ಒಳದಾರಿಗಳಿಗೂ ಮಣ್ಣು ಸುರಿದಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ ಪರಿಚಯದ ಅಜ್ಜರೊಬ್ಬರು ಆ ಮಣ್ಣಿನ ರಾಶಿಯ ಈಚೆ ಆಟೋದಲ್ಲಿ ಕೂತು ಕಾದು ವಾಪಸು ಬಂದರು. ಲಸಿಕೆ ಮಾಡುವುದಕ್ಕಿಂತ ಅಷ್ಟು ಮಣ್ಣು ತೆಗೆಯುವುದು ಕಷ್ಟವಾಯಿತಲ್ಲ ಎಂದು ಇವತ್ತಿಗೂ ನನಗೆ ಸಂಕಟ.

ಹಾಗಾಗಿ 50 ವರ್ಷದ ನಂತರ ಯಾವ ಯಂತ್ರ ಇರುತ್ತದೆ ಎಂದು ನಾನು ಹೇಳಲು ಹೋಗುವುದಿಲ್ಲ. ನಾನು ನೋಡುವುದು ಬೇರೆ ಒಂದು ಲೆಕ್ಕ. ಕೆಳಗಿನವರಿಗೆ ಕೆಡುಕು ಆಗತೊಡಗಿದ ದಿನಕ್ಕೂ ಮೇಲಿನವರು ನಿಲ್ಲಿಸಿದ ದಿನಕ್ಕೂ ನಡುವೆ ಎಷ್ಟು ಸಮಯ ಹೋಗುತ್ತದೆ? ನಮ್ಮಲ್ಲಿ ಅದು 20 ವರ್ಷ ಆಯಿತು. ಮುಂದಿನವರಿಗೆ ಅದು 20 ದಿನ ಆಗಬೇಕಾದರೆ, ಊರೂರಲ್ಲೂ ಅಳೆಯಲು, ಬರೆದಿಡಲು, ಪ್ರಶ್ನೆ ಕೇಳಲು ಗೊತ್ತಿರುವವರು ಬೇಕು. ಯಂತ್ರ ಉತ್ತರ ಕೊಡಬಹುದು. ಆದರೆ ಪಡ್ರೆಯಲ್ಲಿ ರೋಗಿಗಳ ಲೆಕ್ಕ ಇಟ್ಟ ಡಾಕ್ಟರಿಗೆ ಬಂದ ಸಂಶಯ, ಅದೇ ಜನರ ನಡುವೆ ಬದುಕಿದವರಿಗೆ ಬರುವ ಸಂಶಯ.

ಮಗಳನ್ನು ವಿಜ್ಞಾನಕ್ಕೆ ಸೇರಿಸಿ. ಖಂಡಿತ ಸೇರಿಸಿ. ರಜೆ ಮುಗಿಯುವ ಮೊದಲು ಒಂದು ಕೆಲಸ ಕೊಡಿ. ನನ್ನ ಶಾಲೆಯ ಮಕ್ಕಳು ಪ್ರತಿ ಶನಿವಾರ ಹಗ್ಗಕ್ಕೆ ಕಲ್ಲು ಕಟ್ಟಿ ತಮ್ಮ ಮನೆಯ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ನಾಲ್ಕು ವರ್ಷದಿಂದ ಮಾಡುತ್ತಿದ್ದೇವೆ. ಹತ್ತಿರದಲ್ಲಿ ಹೊಸ ಬೋರ್‌ವೆಲ್ ಬಿದ್ದ ಬೇಸಿಗೆ ಮೂರು ಮನೆಯ ಬಾವಿ ಬೇಗ ಬತ್ತಿದ್ದನ್ನು ಮೊದಲು ಹಿಡಿದದ್ದು ಏಳನೇ ತರಗತಿಯ ಒಬ್ಬಳು ಹುಡುಗಿ. ದೊಡ್ಡವರು ಈ ವರ್ಷ ಮಳೆ ಕಡಿಮೆ ಎಂದುಕೊಂಡಿದ್ದೆವು. ಅವಳು ಹಿಂದಿನ ವರ್ಷಗಳ ಪುಟ ತೆರೆದು, ಉಳಿದ ಬಾವಿಗಳಲ್ಲಿ ನೀರು ಎಂದಿನಷ್ಟೇ ಇರುವುದನ್ನು ತೋರಿಸಿದಳು. ಪಂಚಾಯತಿಗೆ ಅರ್ಜಿ ಬರೆಯುವಾಗ ಅವಳ ಪುಸ್ತಕದ ಪುಟಗಳನ್ನೇ ಜೆರಾಕ್ಸ್ ಮಾಡಿ ಲಗತ್ತಿಸಿದೆವು.