ಓದುಗರ ಪ್ರಶ್ನೆ: ಕ್ಲೌಡ್ ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ಪಡೆಯುವುದು

ಪ್ರಶ್ನೆ: ಸಹಕಾರ ಸಂಘವೊಂದರ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಅಮೆಜಾನಿನ ಕ್ಲೌಡ್ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿರುವ ಮೈಎಸ್‌ಕ್ಯೂಎಲ್. ಆಟೋಮ್ಯಾಟಿಕ್ ಬ್ಯಾಕಪ್ 7 ದಿನಗಳಿಗೆ ಇದೆ. ಮೊನ್ನೆ ಬೆಳಿಗ್ಗೆ 11.40ಕ್ಕೆ ಸಹೋದ್ಯೋಗಿಯೊಬ್ಬರು ಯಾವ ಸಾಲುಗಳೆಂದು ಹೇಳುವ ‘ವೇರ್’ ಷರತ್ತಿಲ್ಲದೆ ಡಿಲೀಟ್ ಆದೇಶ ಕೊಟ್ಟು ರಸೀದಿಗಳ ಟೇಬಲ್ ಪೂರ್ತಿ ಖಾಲಿಯಾಯಿತು. ನಮಗೆ ತಿಳಿದದ್ದು ಮಧ್ಯಾಹ್ನ 3 ಗಂಟೆಗೆ. ಅಷ್ಟರಲ್ಲಿ ಹೊಸ ರಸೀದಿಗಳೂ ಸೇರಿದ್ದವು. ಈಗ ಬೆಳಗಿನ ಬ್ಯಾಕಪ್ ರಿಸ್ಟೋರ್ ಮಾಡಿದರೆ ಮಧ್ಯಾಹ್ನದ ರಸೀದಿಗಳು ಹೋಗುವುದಿಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಪತ್ರಿಕೆ ಕೈಸೇರುವ ಹೊತ್ತಿಗೆ ನಿಮ್ಮ 7 ದಿನಗಳ ಗಡುವು ಮೀರಿಹೋಗುವುದರಿಂದ ನಿಮಗೆ ಪ್ರತ್ಯೇಕವಾಗಿ ಮೊದಲೇ ಬರೆದಿದ್ದೇವೆ. ಇದೇ ಸಂಕಟ ಇನ್ನೊಬ್ಬರಿಗೂ ಎದುರಾಗಬಹುದೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಮಧ್ಯಾಹ್ನದ ರಸೀದಿಗಳು ಹೋಗುವುದಿಲ್ಲ. ಆರ್‌ಡಿಎಸ್‌ನಲ್ಲಿ ರಿಸ್ಟೋರ್ ಎಂದರೆ ಈಗಿರುವ ಡೇಟಾಬೇಸನ್ನು ಹಿಂದಕ್ಕೆ ತಿರುಗಿಸುವುದಲ್ಲ. ಹಳೆಯ ಸ್ಥಿತಿಯಲ್ಲಿರುವ ಮತ್ತೊಂದು ಇನ್‌ಸ್ಟೆನ್ಸ್ (ಡೇಟಾಬೇಸ್ ಸರ್ವರ್) ಅದರ ಪಕ್ಕದಲ್ಲೇ, ಬೇರೆ ಹೆಸರು ಮತ್ತು ಬೇರೆ ಎಂಡ್‌ಪಾಯಿಂಟ್ (ಸಂಪರ್ಕ ವಿಳಾಸ) ಹೊತ್ತು ಸೃಷ್ಟಿಯಾಗುತ್ತದೆ. ಮೂಲವನ್ನು ಅದು ಮುಟ್ಟುವುದೇ ಇಲ್ಲ. ಎಲ್ಲ ಸೇವೆಗಳೂ ಹೀಗಿವೆ ಎಂದು ಮಾತ್ರ ಭಾವಿಸಬೇಡಿ: ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಬ್ಯಾಕಪ್ಪನ್ನು ಅದೇ ಇನ್‌ಸ್ಟೆನ್ಸ್‌ಗೆ ರಿಸ್ಟೋರ್ ಮಾಡುವ ಆಯ್ಕೆಯೂ ಇದೆ, ಅದನ್ನು ಆರಿಸಿಕೊಂಡರೆ ಈಗಿನ ದತ್ತಾಂಶದ ಮೇಲೆಯೇ ಹಳೆಯದು ಬಂದು ಕೂರುತ್ತದೆ.

ಮೊದಲು ಮಾಡಬೇಕಾದದ್ದು ಬ್ಯಾಕಪ್ ಉಳಿಸಿಕೊಳ್ಳುವ ಅವಧಿಯನ್ನು ಹೆಚ್ಚಿಸುವುದು. 35 ದಿನಗಳವರೆಗೆ ಅವಕಾಶವಿದೆ. ಗಾಬರಿಯಲ್ಲಿ ಆ ಅಂಕಿಯನ್ನು ಸೊನ್ನೆ ಮಾಡಿದಿರೋ, ಇರುವ ಆಟೋಮ್ಯಾಟಿಕ್ ಬ್ಯಾಕಪ್‌ಗಳೆಲ್ಲ ತಕ್ಷಣವೇ ಅಳಿಯುತ್ತವೆ.

ಮುಂದಿನದು ಯಾವ ಕ್ಷಣಕ್ಕೆ ಹಿಂತಿರುಗಬೇಕೆಂಬ ತೀರ್ಮಾನ. ಆರ್‌ಡಿಎಸ್ ದಿನಕ್ಕೊಮ್ಮೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ಣ ಪ್ರತಿ) ತೆಗೆಯುವುದರ ಜೊತೆಗೆ, ಪ್ರತಿ ಬದಲಾವಣೆಯನ್ನೂ ದಾಖಲಿಸುವ ಟ್ರಾನ್ಸಾಕ್ಷನ್ ಲಾಗ್‌ಗಳನ್ನು 5 ನಿಮಿಷಕ್ಕೊಮ್ಮೆ ಅಮೆಜಾನಿನ ಸಂಗ್ರಹ ಸೇವೆಯಾದ ಎಸ್3ಗೆ ಕಳುಹಿಸುತ್ತಿರುತ್ತದೆ. ಆದ್ದರಿಂದ ಅವಧಿಯೊಳಗಿನ ಯಾವುದೇ ಸೆಕೆಂಡನ್ನು ನೀವು ಆರಿಸಬಹುದು. ನಿಮಗೆ ಬೇಕಾದದ್ದು 11.39. ಆದರೆ ಕಮಾಂಡ್ ಲೈನ್‌ನಿಂದ ಕೆಲಸ ಮಾಡುವವರು ಸಮಯವನ್ನು ಯುಟಿಸಿಯಲ್ಲಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಕಾಲಮಾನದಲ್ಲಿ ಕೊಡಬೇಕು. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಬೆಳಿಗ್ಗೆ 11.39 ಅಲ್ಲಿ 06.09 ಆಗುತ್ತದೆ. ಇದನ್ನು ಮರೆತು 11.39 ಎಂದೇ ಬರೆದರೆ ಸಂಜೆ 5.09ರ, ಅಂದರೆ ಹಳೆಯ ರಸೀದಿಗಳಿಲ್ಲದ ಪ್ರತಿ ಬಹಳ ಅಚ್ಚುಕಟ್ಟಾಗಿ ಸಿದ್ಧವಾಗಿ ಬರುತ್ತದೆ. ಅದನ್ನು ಕಂಡು ಬ್ಯಾಕಪ್ಪೇ ಕೆಟ್ಟಿದೆಯೆಂದು ಕೈಚೆಲ್ಲಬೇಡಿ.

ಹೊಸ ಇನ್‌ಸ್ಟೆನ್ಸ್ ‘ಅವೈಲಬಲ್’ ಎಂದು ತೋರಿಸಿದ ಮೇಲೂ ಸಂಪರ್ಕ ಸಿಗದಿದ್ದರೆ, ಯಾರು ಸಂಪರ್ಕಿಸಬಹುದೆಂದು ನಿರ್ಧರಿಸುವ ಸೆಕ್ಯುರಿಟಿ ಗ್ರೂಪ್ ನೋಡಿ. ನೀವು ಹೆಸರಿಸದಿದ್ದಲ್ಲಿ ಡೀಫಾಲ್ಟ್ ಗ್ರೂಪನ್ನೇ ಅದು ತೊಟ್ಟುಕೊಂಡಿರುತ್ತದೆ. ಸಂಪರ್ಕ ಸಿಕ್ಕಿಯೂ ಡೇಟಾಬೇಸಿಗೆ ಕೇಳುವ ಮೊದಲ ಪ್ರಶ್ನೆಗಳಿಗೆ (ಕ್ವೆರಿ) ಉತ್ತರ ನಿಧಾನವಾಗಿ ಬಂದರೆ ಗಾಬರಿ ಬೇಡ, ದತ್ತಾಂಶ ಹಿನ್ನೆಲೆಯಲ್ಲಿ ಇನ್ನೂ ಎಸ್3ಯಿಂದ ಇಳಿಯುತ್ತಿರುತ್ತದೆ.

ಈಗ ನಿಮ್ಮ ಬಳಿ ಎರಡು ಡೇಟಾಬೇಸ್‌ಗಳಿವೆ: ಬೆಳಗಿನವರೆಗಿನ ರಸೀದಿಗಳಿರುವುದೊಂದು, ಮಧ್ಯಾಹ್ನದವು ಮಾತ್ರ ಇರುವುದೊಂದು. ತಂತ್ರಾಂಶವನ್ನು ಹೊಸದರ ಕಡೆಗೆ ತಿರುಗಿಸಿಬಿಡೋಣವೆಂಬ ಆಸೆ ಸಹಜವಾದರೂ ನಮ್ಮ ಸಲಹೆ ಅದಲ್ಲ. ಹಾಗೆ ಮಾಡಿದರೆ ನೀವು ಹೆದರಿದ ನಷ್ಟವೇ ಆಗುತ್ತದೆ. ಕಳೆದುಹೋದ ಟೇಬಲ್ಲನ್ನಷ್ಟೇ ಹಳೆಯ ಪ್ರತಿಯಿಂದ, ದತ್ತಾಂಶವನ್ನು ಫೈಲಾಗಿ (ಡಂಪ್) ಬರೆದುಕೊಡುವ ಮೈಎಸ್‌ಕ್ಯೂಎಲ್‌ಡಂಪ್ ಸಾಧನದ ಮೂಲಕ ಎತ್ತಿಕೊಂಡು ಮೂಲಕ್ಕೆ ಸೇರಿಸಬೇಕು. ಈ ಹಂತದಲ್ಲಿಯೇ ಎರಡನೆಯ ಅನಾಹುತ ಕಾದಿರುತ್ತದೆ. ಮೈಎಸ್‌ಕ್ಯೂಎಲ್‌ಡಂಪ್ ತಾನು ಬರೆಯುವ ಫೈಲಿನಲ್ಲಿ ಪ್ರತಿ ಟೇಬಲ್ಲಿಗೂ ಮೊದಲು ‘ಡ್ರಾಪ್ ಟೇಬಲ್’ ಆದೇಶವನ್ನು ಹಾಕಿರುತ್ತದೆ. ಫೈಲನ್ನು ನೇರವಾಗಿ ಮೂಲಕ್ಕೆ ಇಂಪೋರ್ಟ್ ಮಾಡಿದರೆ ಮಧ್ಯಾಹ್ನದ ರಸೀದಿಗಳಿರುವ ಟೇಬಲ್ ಅಳಿದು, ಆ ಜಾಗದಲ್ಲಿ ಬೆಳಗಿನದು ನಿಲ್ಲುತ್ತದೆ. ಆದ್ದರಿಂದ ಅದೇ ಸರ್ವರ್‌ನಲ್ಲಿ ಬೇರೊಂದು ಸ್ಕೀಮಾ (ಪ್ರತ್ಯೇಕ ಹೆಸರಿನ ಡೇಟಾಬೇಸ್) ತೆರೆದು ಅದರೊಳಕ್ಕೆ ಇಳಿಸಿಕೊಳ್ಳಿ. ಸಾಲುಗಳನ್ನು ಎಣಿಸಿ, ಮೊತ್ತವನ್ನು ಹಿಂದಿನ ದಿನದ ಮುದ್ರಿತ ವರದಿಯೊಂದಿಗೆ ತಾಳೆ ನೋಡಿ, ಆಮೇಲೆ ‘ಇನ್‌ಸರ್ಟ್ ಸೆಲೆಕ್ಟ್’ ಆದೇಶದಿಂದ ಮೂಲ ಟೇಬಲ್ಲಿಗೆ ಸೇರಿಸಿ.

ಸೇರಿಸುವ ಮುನ್ನ ಮೂರು ಸಂಗತಿಗಳನ್ನು ಪರೀಕ್ಷಿಸಿ. ರಸೀದಿಗೆ ಹೊಂದಿಕೊಂಡ ಇತರ ಟೇಬಲ್‌ಗಳಲ್ಲಿ ‘ಆನ್ ಡಿಲೀಟ್ ಕ್ಯಾಸ್ಕೇಡ್’ (ರಸೀದಿ ಅಳಿದರೆ ಸಂಬಂಧಿಸಿದ ಸಾಲನ್ನೂ ಅಳಿಸುವ ನಿಯಮ) ಇದ್ದರೆ ಅಲ್ಲಿನ ಸಾಲುಗಳೂ ಸದ್ದಿಲ್ಲದೆ ಹೋಗಿರುತ್ತವೆ, ಅವನ್ನೂ ತರಬೇಕು. ಟೇಬಲ್ ಮೇಲೆ ಟ್ರಿಗರ್ (ಸಾಲು ಸೇರಿದಾಗ ತಾನಾಗಿ ಓಡುವ ಆದೇಶ) ಇದ್ದು ಅದು ಸದಸ್ಯರ ಖಾತೆಗೆ ಮೊತ್ತ ಕೂಡಿಸುವಂಥದ್ದಾದರೆ, ಹಳೆಯ ರಸೀದಿಗಳು ಮರಳುವಾಗ ಎಲ್ಲರ ಖಾತೆಗೂ ಎರಡನೆಯ ಬಾರಿ ಜಮೆಯಾಗುತ್ತದೆ. ಇನ್ನು, ಮೈಎಸ್‌ಕ್ಯೂಎಲ್ 5.7 ಅಥವಾ ಅದಕ್ಕೂ ಹಳೆಯ ಆವೃತ್ತಿಯಾಗಿದ್ದು ಡಿಲೀಟ್ ಆದ ನಂತರ ಸರ್ವರ್ ಒಮ್ಮೆ ರೀಸ್ಟಾರ್ಟ್ ಆಗಿದ್ದರೆ ಕ್ರಮಸಂಖ್ಯೆಗಳು ಮತ್ತೆ ಕೆಳಗಿನಿಂದ ಶುರುವಾಗಿ, ಹೊಸ ರಸೀದಿಗೂ ಹಳೆಯದಕ್ಕೂ ಒಂದೇ ಸಂಖ್ಯೆ ಬಂದಿರುವ ಸಾಧ್ಯತೆಯಿದೆ. 8.0ರಿಂದ ಈಚೆಗೆ ಈ ತೊಂದರೆ ನಿವಾರಣೆಯಾಗಿದೆ.

ಎಲ್ಲ ಮುಗಿದ ಮೇಲೆ ಎರಡನೆಯ ಇನ್‌ಸ್ಟೆನ್ಸನ್ನು ಅಳಿಸಿ. ಇರುವಷ್ಟು ದಿನವೂ ಅದಕ್ಕೆ ಬಿಲ್ ಬರುತ್ತಿರುತ್ತದೆ.

ಪ್ರಶ್ನೆ: ವಿಂಡೋಸ್ ಕಂಪ್ಯೂಟರಿನಿಂದ ಡಂಪ್ ತೆಗೆದು ಬೇರೆ ಕ್ಲೌಡ್‌ಗೆ ಹಾಕಿದೆವು. ಅಂಕಿಗಳೆಲ್ಲ ಸರಿಯಾಗಿವೆ, ಕನ್ನಡದ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿವೆ. ಸರಿಪಡಿಸಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಕಣ್ಣಿಗೆ ಕಂಡದ್ದನ್ನು ನಂಬದೆ ಮೊದಲು ‘ಹೆಕ್ಸ್’ ಫಂಕ್ಷನ್ನಿನಿಂದ ಒಂದು ಹೆಸರಿನ ಬೈಟ್‌ಗಳನ್ನು ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕ’ ಅಕ್ಷರ ಇ0, ಬಿ2, 95 ಎಂದು ಕಾಣಿಸುತ್ತದೆ. ಹಾಗೆ ಕಂಡರೆ ದತ್ತಾಂಶ ಕ್ಷೇಮವಾಗಿದೆ, ತೋರಿಸುವ ಪರದೆಯ ಅಕ್ಷರ ಸಂಯೋಜನೆ (ಕ್ಯಾರೆಕ್ಟರ್ ಸೆಟ್) ಮಾತ್ರ ತಪ್ಪಿದೆ. ಬರೀ 3ಎಫ್, 3ಎಫ್ ಎಂದು ಸಾಲಾಗಿ ಬಂದರೆ ಅವು ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಗಳೇ. ದಾರಿಯಲ್ಲೆಲ್ಲೋ, ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್-1ಕ್ಕೆ ಪರಿವರ್ತನೆಯಾಗಿ ಅಕ್ಷರಗಳು ನಾಶವಾಗಿವೆ, ಆ ಪ್ರತಿಯಿಂದ ಅವನ್ನು ಯಾವ ಉಪಾಯದಿಂದಲೂ ಮರಳಿ ಪಡೆಯಲಾಗದು. ಮೂಲದಿಂದ ಮತ್ತೆ ಡಂಪ್ ತೆಗೆಯಬೇಕು. ತಲೆಯ ಮೇಲೆ ಗೀಟು ಹೊತ್ತ ವಿಚಿತ್ರ ರೋಮನ್ ಅಕ್ಷರಗಳು ಕಾಣುತ್ತಿದ್ದವರು ಮಾತ್ರ ನಿಮಗಿಂತ ಅದೃಷ್ಟವಂತರು. ಅಲ್ಲಿ ಬೈಟ್‌ಗಳು ಸಾಮಾನ್ಯವಾಗಿ ಉಳಿದಿರುತ್ತವೆ, ಓದಿಕೊಂಡ ರೀತಿ ತಪ್ಪಾಗಿರುತ್ತದೆ.

ಹೊಸದಾಗಿ ತೆಗೆಯುವಾಗ ಅಕ್ಷರ ಸಂಯೋಜನೆಯನ್ನು ಯುಟಿಎಫ್8ಎಂಬಿ4 ಎಂದು ಸ್ಪಷ್ಟವಾಗಿ ನಮೂದಿಸಿ. ಪವರ್‌ಶೆಲ್‌ನಲ್ಲಿ ಡಂಪನ್ನು ಬಾಣದ ಚಿಹ್ನೆಯಿಂದ (>) ಫೈಲಿಗೆ ತಿರುಗಿಸಬೇಡಿ. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ ಅದನ್ನು ಯುಟಿಎಫ್-16 ಫೈಲಾಗಿ ಬರೆಯುತ್ತದೆ, ಮೈಎಸ್‌ಕ್ಯೂಎಲ್ ಅದನ್ನು ಸ್ವೀಕರಿಸುವುದಿಲ್ಲ. ಬಾಣದ ಬದಲು ಮೈಎಸ್‌ಕ್ಯೂಎಲ್‌ಡಂಪ್‌ನ ‘ರಿಸಲ್ಟ್-ಫೈಲ್’ ಎಂಬ ಆಯ್ಕೆಯನ್ನು ಬಳಸಿ.

ಪ್ರಶ್ನೆ: ಡೇಟಾಬೇಸ್ ಇನ್‌ಸ್ಟೆನ್ಸನ್ನೇ ಅಳಿಸಿದರೆ ಬ್ಯಾಕಪ್ ಉಳಿಯುತ್ತದೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆರ್‌ಡಿಎಸ್‌ನಲ್ಲಿ ನೀವೇ ತೆಗೆದ ಸ್ನ್ಯಾಪ್‌ಶಾಟ್‌ಗಳು ಉಳಿಯುತ್ತವೆ. ಆಟೋಮ್ಯಾಟಿಕ್ ಬ್ಯಾಕಪ್‌ಗಳು, ಅಳಿಸುವಾಗ ಉಳಿಸಿಕೊಳ್ಳಿ ಎಂದು ಹೇಳಿದ್ದರೆ ಮಾತ್ರ. ಮೈಕ್ರೋಸಾಫ್ಟ್‌ನ ಅಜೂರ್ ಎಸ್‌ಕ್ಯೂಎಲ್‌ನಲ್ಲಿ ಅಳಿಸಿದ ಡೇಟಾಬೇಸನ್ನು ಬ್ಯಾಕಪ್ ಅವಧಿಯೊಳಗೆ ಮರಳಿ ಪಡೆಯಬಹುದು.

ಪ್ರಶ್ನೆ: ನಮ್ಮದು ಎರಡು ಕೇಂದ್ರಗಳಲ್ಲಿ ಏಕಕಾಲಕ್ಕೆ ಪ್ರತಿಯಾಗುವ ಡೇಟಾಬೇಸ್. ಹೀಗಿದ್ದೂ ರಿಸ್ಟೋರ್ ಅಭ್ಯಾಸ ಮಾಡಬೇಕೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮಾಡಲೇಬೇಕು. ಒಂದು ಕೇಂದ್ರದ ಯಂತ್ರ ಕೆಟ್ಟಾಗ ಇನ್ನೊಂದು ಕೈಹಿಡಿಯುತ್ತದೆ. ತಪ್ಪು ಡಿಲೀಟ್ ಆದೇಶವಾದರೋ ಎರಡೂ ಕಡೆ ಅಷ್ಟೇ ನಿಷ್ಠೆಯಿಂದ ಜಾರಿಯಾಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಎರಡನೆಯ ಸರ್ವರ್‌ನ ಫೋಲ್ಡರ್ ಎಂದು ತಿಳಿದು ಮುಖ್ಯ ಸರ್ವರ್‌ನದನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸಿಗೆ 9.2ರ ಡಂಪ್ ಸಾಧನ ಓಡುತ್ತಿದ್ದುದರಿಂದ ದಿನನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೊಂದು ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ಅಕಸ್ಮಾತ್ತಾಗಿ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರನ್ನು ಉಳಿಸಿತು.

ಬ್ಯಾಕಪ್ ಯಶಸ್ವಿ ಎಂಬ ಸಂದೇಶವನ್ನು ನೆಚ್ಚಬೇಡಿ. ತಿಂಗಳಿಗೊಮ್ಮೆ ಹೊಸ ಇನ್‌ಸ್ಟೆನ್ಸ್‌ಗೆ ರಿಸ್ಟೋರ್ ಮಾಡಿ, ತಂತ್ರಾಂಶದ ಪರೀಕ್ಷಾ ಪ್ರತಿಯನ್ನು ಅದಕ್ಕೆ ಜೋಡಿಸಿ, ನಿನ್ನೆಯ ಕೊನೆಯ ನಮೂದು ಅಲ್ಲಿದೆಯೇ ಎಂದು ನೋಡಿ. ತಗುಲಿದ ಸಮಯವನ್ನೂ ಬರೆದಿಡಿ. ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಎಂದು ಮೇಲಧಿಕಾರಿಗಳು ಕೇಳುವ ದಿನ ನಿಮಗೆ ಬೇಕಾಗುವುದು ಆ ಅಂಕಿಯೇ.