ವಾಹನ ಪ್ರಶ್ನೋತ್ತರ: ಗೇರ್‌ಬಾಕ್ಸ್ ಕೆಟ್ಟರೆ ಖರ್ಚೆಷ್ಟು?

ಪ್ರಶ್ನೆ: ನಾನು ಹುಮನಾಬಾದಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ದಿನಕ್ಕೆ ಸುಮಾರು 40 ಕಿ.ಮೀ. ಕಾರು ಓಡಿಸುತ್ತೇನೆ. ಎಡ ಮೊಣಕಾಲಿನ ನೋವಿನಿಂದಾಗಿ ಕ್ಲಚ್ ತುಳಿಯುವುದನ್ನು ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಹೊಸ ಆಟೊಮ್ಯಾಟಿಕ್ ಕಾರು ಕೊಳ್ಳೋಣವೆಂದರೆ ನಮ್ಮ ಮನೆಯವರು, ‘ಅದು ಒಮ್ಮೆ ಕೆಟ್ಟರೆ ಎರಡು ಲಕ್ಷ ಬೇಕು, ಮ್ಯಾನ್ಯುವಲ್ ಆದರೆ ಹತ್ತು ಸಾವಿರದಲ್ಲಿ ಮುಗಿಯುತ್ತದೆ’ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಮ್ಮ ಮನೆಯವರು ಹೇಳಿದ ಎರಡೂ ಅಂಕಿಗಳಲ್ಲಿ ಸತ್ಯವಿದೆ, ಆದರೆ ಅವು ಒಂದೇ ಬಗೆಯ ರಿಪೇರಿಗೆ ಸಂಬಂಧಿಸಿದವುಗಳಲ್ಲ. ಹತ್ತು ಸಾವಿರವೆಂಬುದು ಸಣ್ಣ ಪೆಟ್ರೋಲ್ ಕಾರಿನ ಕ್ಲಚ್ ಸೆಟ್ ಬದಲಿಸುವ ಅಂದಾಜು ಖರ್ಚು. ಎರಡು ಲಕ್ಷವೆಂಬುದು ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನೇ ಬದಲಿಸುವ ಸಂದರ್ಭದ ಮಾತು. ಕ್ಲಚ್ ಎಂಬುದು ಟೈರಿನಂತೆ ಸವೆಯಲೆಂದೇ ಇರುವ ಭಾಗ. ಕಳೆದ ವಾರ ಕಲಬುರಗಿಯ ಗ್ಯಾರೇಜೊಂದರಲ್ಲಿ ಗೇರ್‌ಬಾಕ್ಸ್ ಇಳಿಸಿ ತೆಗೆದಿದ್ದ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದು ನೋಡಿದೆ. ಅದರ ಲೈನಿಂಗ್ ರಿವೆಟ್ಟಿನ ತಲೆಯವರೆಗೂ ಸವೆದುಹೋಗಿ, ಅಂಚೆಲ್ಲ ಕಪ್ಪಾಗಿ, ಸುಟ್ಟ ವಾಸನೆ ಇನ್ನೂ ಆರಿರಲಿಲ್ಲ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿದರೆ ಮುಂದಿನ ಹಲವು ವರ್ಷ ನಿಶ್ಚಿಂತೆ. ಕಾಲನ್ನು ಸದಾ ಪೆಡಲಿನ ಮೇಲಿಟ್ಟು ಓಡಿಸುವವರ ಕ್ಲಚ್ 40,000 ಕಿ.ಮೀ.ಗೇ ಮುಗಿಯಬಹುದು, ಜೋಪಾನವಾಗಿ ಓಡಿಸುವವರದು ಒಂದು ಲಕ್ಷ ದಾಟಬಹುದು. ಆದರೆ ಡೀಸೆಲ್ ಎಸ್‌ಯುವಿಗಳಲ್ಲಿ ಎಂಜಿನ್ನಿನ ಅದುರನ್ನು ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲ್ ಎಂಬ ಜೋಡಿ ಚಕ್ರ ಇದ್ದು ಅದೂ ಕೆಟ್ಟಿದ್ದರೆ, ಮ್ಯಾನ್ಯುವಲ್ ಕಾರಿನ ಬಿಲ್ಲೂ ಹತ್ತು ಸಾವಿರದ ಹಲವು ಪಟ್ಟು ಆಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ, ಅವುಗಳ ರಿಪೇರಿ ಖರ್ಚೂ ಬೇರೆ ಬೇರೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ನಮ್ಮಲ್ಲಿ ಸಾಮಾನ್ಯ ಕುಟುಂಬಗಳ ಕೈಗೆಟುಕಿದ ಎಎಂಟಿ, ವಾಸ್ತವದಲ್ಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ ಆಗಿದ್ದು, ನಿಮ್ಮ ಕಾಲು ಮತ್ತು ಕೈ ಮಾಡುವ ಕೆಲಸವನ್ನು ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ. ಅದರ ಕ್ಲಚ್ ಸವೆದರೆ ಆಗುವ ಖರ್ಚು ಮ್ಯಾನ್ಯುವಲ್‌ಗಿಂತ ಸ್ವಲ್ಪ ಹೆಚ್ಚು, ಏಕೆಂದರೆ ಹೊಸ ಕ್ಲಚ್ ಕೂರಿಸಿದ ಮೇಲೆ ಸ್ಕ್ಯಾನರ್ ಹಚ್ಚಿ ಅದರ ಸ್ಥಾನವನ್ನು ಗಣಕಕ್ಕೆ ಮತ್ತೆ ಕಲಿಸಬೇಕು. ಆಕ್ಚುಯೇಟರೇ ಕೆಟ್ಟರೆ ಮಾತ್ರ ಹತ್ತಾರು ಸಾವಿರ ಬೀಳುತ್ತದೆ. ಟಾರ್ಕ್ ಕನ್ವರ್ಟರ್ ಬಗೆಯದು ಎಣ್ಣೆಯ ಹರಿವಿನ ಮೂಲಕ ಎಂಜಿನ್ನಿನ ಶಕ್ತಿಯನ್ನು ದಾಟಿಸುತ್ತದೆ. ಎಣ್ಣೆ ಶುದ್ಧವಾಗಿದ್ದು ತಂಪಾಗಿದ್ದರೆ ಬಹಳ ಕಾಲ ಬಾಳುತ್ತದೆ. ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಎರಡು ಪುಲ್ಲಿಗಳ ನಡುವೆ ಓಡುತ್ತದೆ. ಬೆಲ್ಟು ಗೀರಿದರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕಾಗುವುದರಿಂದ ಬಿಲ್ಲು ಲಕ್ಷ ದಾಟುತ್ತದೆ. ಎರಡು ಕ್ಲಚ್‌ಗಳ ಡಿಸಿಟಿ ಓಡಿಸಲು ಸೊಗಸು, ಆದರೆ ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಡಿಸಿಟಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ಅಂಗುಲ ಅಂಗುಲವಾಗಿ ಸರಿಯುವ ವಾಹನಸಾಲಿನಲ್ಲಿ ಓಡಿಸಿದರೆ ಬೇಗ ಕಾಯುತ್ತದೆ, ಗೇರು ಬದಲಿಸುವುದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ಸ್ ಎಂಬ ಘಟಕ ಕೆಟ್ಟರಂತೂ ಲಕ್ಷದ ಲೆಕ್ಕ.

ನಿಮ್ಮ ಓಡಾಟ ವರ್ಷಕ್ಕೆ ಹತ್ತು ಸಾವಿರ ಕಿ.ಮೀ.ಗೆ ಸ್ವಲ್ಪ ಹೆಚ್ಚುಕಡಿಮೆ. ಹತ್ತು ವರ್ಷದ ಲೆಕ್ಕ ಹಾಕಿ ನೋಡಿ: ಮ್ಯಾನ್ಯುವಲ್ ಆದರೆ ಒಂದು ಅಥವಾ ಎರಡು ಸಲ ಕ್ಲಚ್, ಟಾರ್ಕ್ ಕನ್ವರ್ಟರ್ ಆದರೆ ಎರಡು ಸಲ ಗೇರ್‌ಬಾಕ್ಸ್ ಎಣ್ಣೆ. ಇವೆರಡರ ನಡುವೆ ದೊಡ್ಡ ಅಂತರವಿಲ್ಲ. ಅಂತರ ಕಾಣುವುದು ದೊಡ್ಡ ರಿಪೇರಿ ಬಂದಾಗ ಮಾತ್ರ, ಅದು ಬಾರದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ. ‘ಈ ಎಣ್ಣೆ ಕಾರಿನ ಆಯುಷ್ಯಪೂರ್ತಿ ಸಾಕು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿ.ಮೀ. ಒಳಗೆ ಎಣ್ಣೆ ಬದಲಿಸಲು ಸೂಚಿಸುತ್ತದೆ. ನಮ್ಮ ಭಾಗದ ಉರಿಬಿಸಿಲಿಗೆ ಅದಕ್ಕೂ ಮೊದಲೇ ಬದಲಿಸುವುದು ಜಾಣತನ. ತೊಗರಿಯ ರಾಶಿಯ ದಿನಗಳಲ್ಲಿ ರಸ್ತೆಯ ಮೇಲೆ ಹರವಿದ ಬೆಳೆಯ ಮೇಲೆ ಕಾರು ಓಡಿಸಿದ್ದರೆ, ರೇಡಿಯೇಟರಿನ ಮುಂದಿರುವ ಕೂಲರಿನ ಸಂದುಗಳಲ್ಲಿ ಹೊಟ್ಟು ಸಿಕ್ಕಿಕೊಂಡು ಎಣ್ಣೆ ತಣಿಯುವುದಿಲ್ಲ. ಅದನ್ನು ಮೆಲ್ಲಗೆ ನೀರು ಹಾಯಿಸಿ ತೊಳೆಸಿರಿ.

ಮೊಣಕಾಲನ್ನು ನೋಯಿಸಿಕೊಂಡು ಕ್ಲಚ್ಚಿನ ಹಣ ಉಳಿಸುವುದರಲ್ಲಿ ಅರ್ಥವಿಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. ಎಎಂಟಿ ಅಥವಾ ಟಾರ್ಕ್ ಕನ್ವರ್ಟರ್ ಕೊಳ್ಳಿರಿ, ವಿಸ್ತೃತ ವಾರಂಟಿಯನ್ನು ತಪ್ಪದೆ ಮಾಡಿಸಿರಿ. ಸಾಮಾನ್ಯ ವಿಮೆ ಸವೆತಕ್ಕೂ ಯಾಂತ್ರಿಕ ದೋಷಕ್ಕೂ ಹಣ ಕೊಡುವುದಿಲ್ಲ. ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಕೇಂದ್ರ ಬೀದರಿನಲ್ಲೋ ಕಲಬುರಗಿಯಲ್ಲೋ ಇದೆಯೇ, ಅಲ್ಲಿ ಗೇರ್‌ಬಾಕ್ಸ್ ಬಿಚ್ಚುತ್ತಾರೆಯೇ ಅಥವಾ ಹೈದರಾಬಾದಿಗೆ ಕಳುಹಿಸುತ್ತಾರೆಯೇ ಎಂದು ಕೇಳಿ ತಿಳಿಯಿರಿ. ಸಾಗಣೆಯ ಖರ್ಚೂ ರಿಪೇರಿಯ ಖರ್ಚೇ.

ಪ್ರಶ್ನೆ: ಹೈದರಾಬಾದಿನಲ್ಲಿ ಏಳು ವರ್ಷ ಓಡಿದ ಆಟೊಮ್ಯಾಟಿಕ್ ಕಾರೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಗೇರ್‌ಬಾಕ್ಸ್ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ? (ಓದುಗರು, ಕಲಬುರಗಿ)

ಉತ್ತರ: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿರಿ, ಮಾರುವವರು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿರಿ. ಬ್ರೇಕ್ ಒತ್ತಿ ಹಿಡಿದು ಡಿ (ಮುಂದಕ್ಕೆ) ಮತ್ತು ಆರ್‌ಗೆ (ಹಿಂದಕ್ಕೆ) ಹಾಕಿದಾಗ ಗೇರು ತಡವಾಗಿ ಕೂರುವುದು ಅಥವಾ ಧಡ್ ಎಂದು ಒದೆಯುವುದು ಒಳ್ಳೆಯ ಲಕ್ಷಣವಲ್ಲ. ಬಳಿಕ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿರಿ. ಗೇರ್‌ಬಾಕ್ಸ್ ಎಣ್ಣೆಯ ಒಂದೆರಡು ಹನಿಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿರಿ: ಅನೇಕ ಕಾರುಗಳಲ್ಲಿ ಹೊಸ ಎಣ್ಣೆ ಕೆಂಪಾಗಿ ತಿಳಿಯಾಗಿರುತ್ತದೆ, ಕಂದುಗಟ್ಟಿ ಕಮಟು ವಾಸನೆ ಬಂದರೆ, ಒಳಗಿನ ಕ್ಲಚ್‌ಗಳು ಸುಟ್ಟಿರುವ ಸಂಭವವಿದೆ. ಮೀಟರಿನಲ್ಲಿ ಕಿಲೋಮೀಟರು ಕಡಿಮೆ ಇದೆಯೆಂದು ಹಿಗ್ಗಬೇಡಿ, ನಗರದ ನಿಂತು ಹೊರಡುವ ಓಟದಲ್ಲಿ ಗೇರ್‌ಬಾಕ್ಸಿಗೆ ಹೆದ್ದಾರಿಗಿಂತ ದಣಿವು ಹೆಚ್ಚು. ಎಣ್ಣೆ ಬದಲಿಸಿದ ಬಿಲ್ಲು ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ, ಗೇರು ಒದೆಯುತ್ತಿದ್ದರೆ ವ್ಯಾಪಾರವನ್ನೇ ಬಿಡಿರಿ. ಕಾರಿನ ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿರುವುದರಿಂದ ಹಳೆಯ ಅಂದಾಜು ಪಟ್ಟಿಗಳನ್ನು ನಂಬದೆ ಹೊಸದಾಗಿ ಬರೆಸಿಕೊಳ್ಳಿರಿ.

ಪ್ರಶ್ನೆ: ಆಟೊಮ್ಯಾಟಿಕ್ ಕಾರು ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಎಳೆಯಬಹುದೇ? (ಓದುಗರು, ಯಾದಗಿರಿ)

ಉತ್ತರ: ಎಳೆಯಬೇಡಿ. ಗೇರ್‌ಬಾಕ್ಸಿನ ಎಣ್ಣೆಯ ಪಂಪು ಸಾಮಾನ್ಯವಾಗಿ ಎಂಜಿನ್ ಓಡುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿಗೆ ಜೋಡಿಸಿದ ಚಕ್ರಗಳು ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತವೆ, ಸಣ್ಣ ದೋಷವಿದ್ದ ಕಾರು ಯಾದಗಿರಿಯಿಂದ ಕಲಬುರಗಿ ತಲುಪುವಷ್ಟರಲ್ಲಿ ದೊಡ್ಡ ರಿಪೇರಿಗೆ ಬಂದಿರುತ್ತದೆ. ಮ್ಯಾನ್ಯುವಲ್ ಕಾರಿನಂತೆ ನಾಲ್ಕು ಜನ ತಳ್ಳಿ ಚಾಲೂ ಮಾಡಲೂ ಆಗುವುದಿಲ್ಲ. ನಾಲ್ಕೂ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಕಾರನ್ನು ಹೇರಿಕೊಂಡು ಒಯ್ಯುವ ಗಾಡಿಯನ್ನೇ ಕರೆಸಿರಿ, ನಿಮ್ಮ ವಿಮೆಯಲ್ಲಿ ರಸ್ತೆ ನೆರವಿನ ಸೌಲಭ್ಯವಿದ್ದರೆ ಅದರ ಸಂಖ್ಯೆಯನ್ನು ಇಂದೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿರಿ.